ಅರವತ್ತು ಎಂಎಲ್‌ನ ತೀರ್ಪು

ದೊಡ್ಡ ಕಾರ್ಖಾನೆಯಲ್ಲಿ ಲಕ್ಷಾಂತರ ಲೀಟರ್ ಹರಿಯುವ ಬಿಯರ್‌ಗೆ ಬದಲಾಗಿ, ಸಣ್ಣ ಘಟಕದಲ್ಲಿ ಒಂದು ಸಲಕ್ಕೆ ಕೆಲವು ನೂರು ಅಥವಾ ಒಂದು ಸಾವಿರ ಲೀಟರಿನಷ್ಟು ತಯಾರಾಗುವುದು ಕ್ರಾಫ್ಟ್ ಬಿಯರ್. ಕರ್ನಾಟಕ ಸರ್ಕಾರ 2010ರ ಸುಮಾರಿಗೆ ಮೈಕ್ರೋಬ್ರೂವರಿಗಳಿಗೆ ಸನ್ನದು ಕೊಡಲು ದಾರಿ ಮಾಡಿತು. ಇಂದಿರಾನಗರದ ಟಾಯ್ಟ್, ವಿಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್, ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಒಂದರ ಹಿಂದೆ ಒಂದು ಬಂದವು. ಅವುಗಳ ಬೆನ್ನಿಗೇ ಬಂದದ್ದು ಊಟ ಮತ್ತು ಪಾನೀಯದ ಮೇಳ. ಅಲ್ಲಿನ ಪದ್ಧತಿ ಈಗ ಎಲ್ಲರಿಗೂ ಗೊತ್ತು. ಬಾಗಿಲಲ್ಲಿ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತಾರೆ, ಟೋಕನ್ ಕೊಡುತ್ತಾರೆ. ಒಂದೊಂದು ಮಳಿಗೆಯಲ್ಲೂ ಪುಟ್ಟ ಲೋಟದಲ್ಲಿ 60 ಎಂಎಲ್‌ನಷ್ಟು ಸ್ಯಾಂಪಲ್ ಸಿಗುತ್ತದೆ. ಹತ್ತು ಹನ್ನೆರಡು ಬಗೆ ರುಚಿ ನೋಡಿ, ಮೆಚ್ಚಿದ್ದಕ್ಕೆ ಒಂದು ವೋಟು ಹಾಕಿ ಹೊರಬರಬಹುದು.

ಈ ಪದ್ಧತಿಯ ಸುತ್ತ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರೂರಿದೆ. ಬಿಯರ್ ತಿಳಿಯಬೇಕಾದರೆ ಹಲವು ಬಗೆಯನ್ನು ಸ್ವಲ್ಪ ಸ್ವಲ್ಪ ಸವಿಯುವುದೇ ಸರಿಯಾದ ದಾರಿ, ಅದರಿಂದ ನಾಲಿಗೆ ಪಳಗುತ್ತದೆ, ಒಳ್ಳೆಯ ಬಿಯರ್ ತಾನಾಗಿ ಮೇಲೆ ಬರುತ್ತದೆ, ಊರಿನ ಧಾನ್ಯಕ್ಕೆ ಬೆಲೆ ಬರುತ್ತದೆ, ಕುಡಿತವೂ ಮಿತಿಯಲ್ಲಿರುತ್ತದೆ ಎಂಬುದೇ ಆ ಅಭಿಪ್ರಾಯ. ಮೇಳದ ಪ್ರಚಾರದವರು ಮಾತ್ರವಲ್ಲ, ಬಿಯರ್ ಬಲ್ಲವರೂ ಇದನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ. ಆದರೆ ಇದರ ಒಂದೊಂದು ತುಂಡೂ ತಪ್ಪು. ಬೆಂಗಳೂರು ದಾಟಿ ಕನಕಪುರ ರಸ್ತೆಯಲ್ಲಿ, ಹಾರೋಹಳ್ಳಿಯ ರಾಗಿ ಹೊಲದ ಪಕ್ಕದಲ್ಲಿ ನಿಂತು ಇಂಥ ಮೇಳವನ್ನು ನೋಡಿದರೆ ತಪ್ಪು ಇನ್ನೂ ಚೆನ್ನಾಗಿ ಕಾಣುತ್ತದೆ.

ಗುಟುಕೊಂದು ಅಳೆಯುವುದೇನು ಎಂಬುದಕ್ಕೆ ತಂಪು ಪಾನೀಯದ ಲೋಕದಲ್ಲಿ ಹೆಸರಾಂತ ನಿದರ್ಶನವಿದೆ. ಪೆಪ್ಸಿ 1975ರಲ್ಲಿ ಆರಂಭಿಸಿದ ಗುಟುಕು ಪರೀಕ್ಷೆಯಲ್ಲಿ ಜನ ಮತ್ತೆ ಮತ್ತೆ ಪೆಪ್ಸಿಯನ್ನೇ ಆರಿಸಿದರು. ಕೋಕಾ ಕೋಲಾ ಗಾಬರಿಯಾಗಿ, ಸುಮಾರು ಎರಡು ಲಕ್ಷ ಜನರ ಬಾಯಿಗೆ ಹಿಡಿದು ಪರೀಕ್ಷಿಸಿ, ಇನ್ನಷ್ಟು ಸಿಹಿಯಾದ ಹೊಸ ಕೋಕನ್ನು 1985ರ ಏಪ್ರಿಲ್ 23ರಂದು ಮಾರುಕಟ್ಟೆಗೆ ಬಿಟ್ಟಿತು. ಪರೀಕ್ಷೆಯಲ್ಲಿ ಗೆದ್ದ ಪಾನೀಯ ಅಂಗಡಿಯಲ್ಲಿ ಸೋತಿತು. 79 ದಿನಗಳಲ್ಲಿ ಹಳೆಯ ಕೋಕ್ ಮರಳಿ ಬಂತು. ಹಳೆಯದರ ಮೇಲಿನ ಜನರ ಮಮತೆ ಒಂದು ಕಾರಣ. ಇನ್ನೊಂದು ಕಾರಣ ನಾಲಿಗೆಗೇ ಸಂಬಂಧಿಸಿದ್ದು. ಒಂದು ಗುಟುಕಿನಲ್ಲಿ ಸಿಹಿ ಹಿತ, ಪೂರ್ತಿ ಬಾಟಲಿಯಲ್ಲಿ ಅದೇ ಸಿಹಿ ಮುಖ ಹೊಡೆಯುತ್ತದೆ. ಮೊದಲ ತುತ್ತಿಗೆ ರುಚಿಸುವುದೂ ಕೊನೆಯ ತುತ್ತಿನವರೆಗೆ ರುಚಿಸುವುದೂ ಎರಡು ಬೇರೆ ಗುಣಗಳು ಎಂಬುದು ಮದುವೆ ಮನೆಯ ಅಡುಗೆಯವರಿಗೆ ಹೊಸ ವಿಷಯವೇನಲ್ಲ.

ಬಿಯರ್‌ನಲ್ಲಿ ಈ ಅಂತರ ಇನ್ನೂ ಹೆಚ್ಚು. ಹಾಪ್ ಹೂವಿನ ಕಹಿ ನಾಲಿಗೆಯ ಮೇಲೆ ನಿಧಾನವಾಗಿ ಏರುತ್ತದೆ, ನುಂಗಿದ ಮೇಲೂ ಉಳಿಯುತ್ತದೆ, ಗುಟುಕಿನಿಂದ ಗುಟುಕಿಗೆ ಕೂಡಿಕೊಳ್ಳುತ್ತದೆ. ಆ ಕಹಿ ಮಾಲ್ಟಿನ ಸಿಹಿಯನ್ನು ಎಲ್ಲಿ ಹಿಡಿದು ನಿಲ್ಲಿಸುತ್ತದೆ ಎಂಬುದು ಅರ್ಧ ಲೋಟ ಕಳೆದ ಮೇಲೆ ತಿಳಿಯುವ ಸಂಗತಿ. ಸ್ಯಾಂಪಲ್ ಲೋಟದಲ್ಲಿ ಅಷ್ಟು ಹೊತ್ತಿಗೆ ಬಿಯರ್ ಮುಗಿದಿರುತ್ತದೆ. ಪುಟ್ಟ ಲೋಟವನ್ನು ಅಂಚಿನವರೆಗೆ ತುಂಬಿದರೆ ನೊರೆಗೂ ಪರಿಮಳಕ್ಕೂ ಜಾಗವಿಲ್ಲ. ಅರ್ಧ ತುಂಬಿದರೆ ಏಪ್ರಿಲ್ ಬಿಸಿಲಲ್ಲಿ ಸರದಿ ದಾಟಿ ನೆರಳು ಸೇರುವಷ್ಟರಲ್ಲಿ ಅದು ಬೆಚ್ಚಗಾಗಿರುತ್ತದೆ. ಪಕ್ಕದ ಮಳಿಗೆಯಲ್ಲಿ ನಾಟಿಕೋಳಿ ಫ್ರೈ ತಿಂದು ಬಂದ ಬಾಯಿಗೆ ಖಾರವೊಂದೇ ಗೊತ್ತಾಗುತ್ತದೆ. ಅದರ ಮೇಲೆ ಆಲ್ಕೊಹಾಲೂ ಗ್ಯಾಸೂ ಸೇರಿದರೆ ಉರಿ ಇನ್ನೂ ಏರುತ್ತದೆ. ಸರದಿ ಎಲ್ಲಿ ಚಿಕ್ಕದಿದೆಯೋ ಅಲ್ಲಿಗೆ ಹೋಗುವ ಮೇಳದಲ್ಲಿ, ಕಪ್ಪು ಸ್ಟೌಟ್ ಕುಡಿದ ಮೇಲೆ ತಿಳಿ ಲಾಗರ್ ಬಾಯಿಗೆ ಬೀಳುತ್ತದೆ. ಆ ಲಾಗರ್ ನೀರಿನಂತೆ ಕಂಡರೆ ತಪ್ಪು ಲಾಗರಿನದಲ್ಲ.

1842ರಲ್ಲಿ ಬೊಹೆಮಿಯಾದ ಪಿಲ್ಸೆನ್ ಪಟ್ಟಣದಲ್ಲಿ ಜೋಸೆಫ್ ಗ್ರೋಲ್ ತಯಾರಿಸಿದ ಹೊಂಬಣ್ಣದ ಲಾಗರ್ ಜಗತ್ತನ್ನೇ ಗೆದ್ದದ್ದು ಗದ್ದಲದ ರುಚಿಯಿಂದಲ್ಲ. ವಾರಗಟ್ಟಲೆ ತಂಪಿನಲ್ಲಿ ಮಲಗಿ ಶುದ್ಧವಾದ ಅದರ ಗುಣ ಎರಡನೇ ಲೋಟವನ್ನು ಕೇಳಿಸುವಂಥದು. ಬಿಯರ್ ಹಬ್ಬಗಳಿಗೆಲ್ಲ ಹಿರಿಯಣ್ಣನಾದ, 1810ರಲ್ಲಿ ಆರಂಭವಾದ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್‌ನಲ್ಲಿ ಸ್ಯಾಂಪಲ್ ಎಂಬುದೇ ಇಲ್ಲ. ಊರಿನ ಆರೇ ಬ್ರೂವರಿಗಳು, ಒಂದು ಲೀಟರಿನ ಮಗ್ಗು. ಅದು ಮಿತಿಗೆ ಮಾದರಿಯಲ್ಲ ಎಂಬುದು ನಿಜ. ಆದರೆ ಹಬ್ಬವೆಂದರೆ ಸ್ಯಾಂಪಲ್ ಎಂಬ ನಂಟು ಮೊದಲಿನಿಂದಲೂ ಇದ್ದದ್ದಲ್ಲ. ಒಂದು ಔನ್ಸ್, ಅಂದರೆ ಸುಮಾರು 30 ಎಂಎಲ್ ಸುರಿಯುವ ಪದ್ಧತಿಗೆ ಹೆಸರಾದದ್ದು 1982ರಲ್ಲಿ ಕೊಲರಾಡೊದ ಬೌಲ್ಡರ್‌ನಲ್ಲಿ ಶುರುವಾದ ಅಮೆರಿಕದ ಮೇಳ. ಬೆಂಗಳೂರಿನ ಮೇಳದ ಪದ್ಧತಿ ಹೋಲುವುದು ಅದನ್ನೇ.

ಸ್ಯಾಂಪಲ್‌ನಿಂದ ಏನೂ ತಿಳಿಯುವುದಿಲ್ಲ ಎಂದರೆ ಅದೂ ತಪ್ಪಾದೀತು. ದೋಷ ತಿಳಿಯಲು ಒಂದು ಗುಟುಕು ಧಾರಾಳ. ಹುದುಗು ಅರ್ಧಕ್ಕೇ ನಿಂತ ಬಿಯರ್‌ನಲ್ಲಿ ಬೆಣ್ಣೆಯ ವಾಸನೆ ಬರುತ್ತದೆ. ಸರಿಯಾಗಿ ಕುದಿಯದ್ದರಲ್ಲಿ ಬೇಯಿಸಿದ ಮುಸುಕಿನ ಜೋಳದ ವಾಸನೆ, ಹದಕ್ಕೆ ಬಾರದ್ದರಲ್ಲಿ ಹಸಿ ಸೇಬಿನ ವಾಸನೆ ಇರುತ್ತದೆ. ಪೈಪು ತೊಳೆಯದಿದ್ದರೆ ಬೇಡದ ಹುಳಿ ಸೇರುತ್ತದೆ. ಇವು ಯಾವುವೂ ಅಡಗಿ ಕೂರುವುದಿಲ್ಲ. ಬಿಯರನ್ನು ಬೇಡವೆನ್ನಲು ಗುಟುಕು ಸಾಕು, ಬೇಕೆನ್ನಲು ಸಾಲದು.

ಈ ವ್ಯತ್ಯಾಸವನ್ನು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಬಹಳ ಕಾಲದಿಂದ ಬಲ್ಲದು. ಜಾಲರಿಯಲ್ಲಿ ಸುರಿದ ಲಾಟಿನ ಮುಂದೆ ನಿಂತ, ನೂಲು ಬಿಚ್ಚುವ ರೀಲರ್ ಕೈಹಾಕಿ ಒಂದು ಹಿಡಿ ಎತ್ತುತ್ತಾನೆ. ಗೂಡನ್ನು ಒತ್ತಿ ನೋಡುತ್ತಾನೆ, ಕಿವಿಯ ಬಳಿ ಅಲ್ಲಾಡಿಸುತ್ತಾನೆ, ಕಲೆಯಾದದ್ದನ್ನೂ ಜಂಟಿ ಗೂಡನ್ನೂ ಎಣಿಸುತ್ತಾನೆ. ಅಷ್ಟರಲ್ಲೇ ಕೆಟ್ಟ ಲಾಟು ಯಾವುದೆಂದು ಗೊತ್ತಾಗುತ್ತದೆ. ಆದರೆ ಲಾಟು ನಿಜಕ್ಕೂ ಎಷ್ಟು ಒಳ್ಳೆಯದೆಂದು ತಿಳಿಯುವುದು ಮಾರುಕಟ್ಟೆಯಲ್ಲಲ್ಲ, ಬಿಸಿನೀರಿನ ಬೇಸಿನ್‌ನಲ್ಲಿ. ಎಳೆ ಎಷ್ಟು ದೂರ ಕಡಿಯದೆ ಬಂತು, ಒಂದು ಕಿಲೋ ಕಚ್ಚಾ ರೇಷ್ಮೆಗೆ 6 ಕಿಲೋ ಗೂಡು ಬೇಕಾಯಿತೋ 8 ಕಿಲೋ ಬೇಕಾಯಿತೋ ಎಂಬ ಲೆಕ್ಕ ಪೂರ್ತಿ ಬಿಚ್ಚಾಣಿಕೆ ಆದ ಮೇಲೆ ಸಿಗುವಂಥದು. ಹಿಡಿಗೂಡಿನ ಆಧಾರದಲ್ಲಿ ಹರಾಜಿನಲ್ಲಿ ಬೆಲೆ ಹೇಳುವ ರೀಲರ್, ತಾನು ಹೇಳುತ್ತಿರುವುದು ಅಂದಾಜು ಎಂಬುದನ್ನು ಮರೆಯುವುದಿಲ್ಲ. ಬಿಯರ್ ಮೇಳ ಮಾತ್ರ ಅಂದಾಜಿಗೇ ಬಹುಮಾನ ಕೊಟ್ಟು ಕಳಿಸುತ್ತದೆ.

ತೀರ್ಪುಗಾರರೂ ಗುಟುಕೇ ಕುಡಿಯುತ್ತಾರಲ್ಲ ಎಂಬ ಆಕ್ಷೇಪ ಸಹಜ. ಸ್ಪರ್ಧೆಯ ತೀರ್ಪುಗಾರರು ಒಂದು ಹೊತ್ತಿನಲ್ಲಿ ಒಂದೇ ಬಗೆಯ ಬಿಯರ್‌ಗಳನ್ನು, ಹೆಸರು ಮುಚ್ಚಿ, ಸದ್ದಿಲ್ಲದ ಕೋಣೆಯಲ್ಲಿ, ನಡುನಡುವೆ ನೀರು ಕುಡಿದು, ಆ ಬಗೆಯ ಲಿಖಿತ ಲಕ್ಷಣದೊಂದಿಗೆ ಹೋಲಿಸುತ್ತಾರೆ. ಮೇಳದಲ್ಲಿ ಮಾವಿನ ಬಿಯರ್ ಸ್ಟೌಟ್ ಜೊತೆ ಸೆಣಸುತ್ತದೆ, ಹಿನ್ನೆಲೆಯಲ್ಲಿ ಡಿಜೆ. ಅಷ್ಟು ಶಿಸ್ತಿದ್ದರೂ ನಾಲಿಗೆ ತಪ್ಪುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ವೈನ್ ತೀರ್ಪುಗಾರರ ಬಗ್ಗೆ ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಾಟಲಿಯ ವೈನನ್ನು ಮೂರು ಬಾರಿ ಕೊಟ್ಟಾಗ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. ಪಳಗಿದವರ ಪಾಡು ಇದಾದರೆ, ಒಂಬತ್ತನೇ ಟೋಕನ್ ಹಿಡಿದವರ ವೋಟಿನ ಬೆಲೆಯನ್ನು ಹೆಚ್ಚು ಚರ್ಚಿಸಬೇಕಾಗಿಲ್ಲ.

ವೋಟು ಹಾಕಿದವರ ನಾಲಿಗೆ ತಪ್ಪಿದರೆ ನಷ್ಟ ಅವರದು ಎಂದು ಬಿಡಬಹುದಿತ್ತು. ಆದರೆ ಬ್ರೂವರ್ ಆ ವೋಟನ್ನು ನೋಡಿ ಮುಂದಿನ ಬಿಯರ್ ತಯಾರಿಸುತ್ತಾನೆ. 60 ಎಂಎಲ್‌ನಲ್ಲಿ ಗೆಲ್ಲಬೇಕಾದರೆ ಗಟ್ಟಿಯಾಗಿ ಕೂಗಬೇಕು. ಆದ್ದರಿಂದ ಹಣ್ಣಿನ ತಿರುಳು, ವೆನಿಲ್ಲಾ, ಕಾಫಿ, ಮೆಣಸು, ಲೆಕ್ಕಕ್ಕೆ ಮೀರಿದ ಹಾಪ್, ಏರಿದ ಆಲ್ಕೊಹಾಲ್. ರಾಮನಗರ ಸೀಮೆಯ ಎರಡು ಬೆಳೆಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡಬಹುದು. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಈ ಜಿಲ್ಲೆ ಮಾವಿಗೂ ರಾಗಿಗೂ ಹೆಸರುವಾಸಿ. ಬಾದಾಮಿ ಮಾವಿನ ತಿರುಳು ಬೆರೆಸಿದ ಗೋಧಿ ಬಿಯರ್ ಮೂಗಿಗೆ ಹಿಡಿದ ಕೂಡಲೇ ಗೆಲ್ಲುತ್ತದೆ. ಅದನ್ನು ಪೂರ್ತಿ ಲೋಟ ಕುಡಿದವರು ಎರಡನೆಯದಕ್ಕೆ ಕೈಚಾಚುತ್ತಾರೆಯೇ ಎಂದು ಮೇಳ ಕೇಳುವುದಿಲ್ಲ. ರಾಗಿ ಅದೇ ಲೋಟದಲ್ಲಿ ಸೋಲುತ್ತದೆ.

ರಾಗಿ ಬಿಯರ್‌ಗೆ ಹೊರಗಿನ ಕಾಳಲ್ಲ. ಮೊಳಕೆ ಬರಿಸಿ ಒಣಗಿಸಿದ ಧಾನ್ಯವೇ ಮಾಲ್ಟ್, ಆ ಕೆಲಸ ಹಾರೋಹಳ್ಳಿ, ಮಾಗಡಿ ಕಡೆಯ ಅಡುಗೆಮನೆಗಳಲ್ಲಿ ಇವತ್ತಿಗೂ ನಡೆಯುತ್ತದೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಾರೆ. ಒಂದೆರಡು ದಿನಕ್ಕೆ ಬಿಳಿ ಮೊಳಕೆ ಇಣುಕಿದಾಗ ನೆರಳಲ್ಲಿ ಹರಡಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಹದವಾಗಿ ಹುರಿದು ಬೀಸುತ್ತಾರೆ. ಕೂಸಿಗೆ ಉಣಿಸುವ ರಾಗಿ ಸರಿ ಇದರದೇ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಸರಿ ತೆಳ್ಳಗೆ, ತುಸು ಸಿಹಿಯಾಗಿ ಇರುವುದು ಅದರಿಂದಲೇ. ಬ್ರೂವರಿಯ ಕೊಪ್ಪರಿಗೆಯಲ್ಲಿ ನಡೆಯುವುದೂ ಇದೇ ಕ್ರಿಯೆ.

ಕೊಪ್ಪರಿಗೆಗೆ ರಾಗಿ ಹಾಕುವುದು ಸುಲಭವೇನಲ್ಲ. ಬಾರ್ಲಿಗಿಂತ ಹೆಚ್ಚು ಬಿಸಿಯಲ್ಲಿ ರಾಗಿಯ ಪಿಷ್ಟ ಬೇಯುತ್ತದೆ. ಹಾಗಾಗಿ ಅದನ್ನು ಬೇರೆಯಾಗಿ ಬೇಯಿಸಿ ಸೇರಿಸಬೇಕಾಗುತ್ತದೆ. ಬಾರ್ಲಿ ಕಾಳಿನ ಸಿಪ್ಪೆ ರಸ ಸೋಸುವಾಗ ಜರಡಿಯಾಗಿ ಕೆಲಸ ಮಾಡುತ್ತದೆ. ಸಣ್ಣ ಕಾಳಿನ ರಾಗಿಗೆ ಅಂಥ ಸಿಪ್ಪೆಯಿಲ್ಲ. ಹಿಟ್ಟು ತಳದಲ್ಲಿ ಕೂತು ಗಂಜಿ ಕಟ್ಟುತ್ತದೆ, ಭತ್ತದ ಹೊಟ್ಟು ಬೆರೆಸಿ ದಾರಿ ಮಾಡಿಕೊಡಬೇಕು. ಇಷ್ಟೆಲ್ಲ ಕಷ್ಟಪಟ್ಟ ಮೇಲೆ ಸಿಗುವ ರುಚಿ ಮೆತ್ತಗಿನದು: ಹುರಿದ ಕಾಳಿನ ಘಮ, ಮಣ್ಣಿನ ಛಾಯೆ, ಕೊನೆಗೆ ತುಸು ಒಗರು. ಮಾವು, ಸ್ಟೌಟ್, ಕೋಳಿ ಫ್ರೈ ದಾಟಿ ಬಂದ ಬಾಯಿಗೆ ಇದು ಸಿಗುವುದಿಲ್ಲ. ಸಿಗಲೇಬೇಕೆಂದು ಬ್ರೂವರ್ ಅದಕ್ಕೆ ಬೆಲ್ಲವನ್ನೋ ಕೋಕೋವನ್ನೋ ಸೇರಿಸಿದರೆ, ಬೋರ್ಡಿನ ಮೇಲೆ ರಾಗಿ, ಲೋಟದಲ್ಲಿ ಬೆಲ್ಲ.

ರಾಗಿಯನ್ನು ಪಾನೀಯವಾಗಿ ಬಲ್ಲ ನಾಡುಗಳು ಅದನ್ನು ಗುಟುಕಿನಲ್ಲಿ ಕುಡಿದದ್ದೇ ಇಲ್ಲ. ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ಸೀಮೆಯ ಬೆಳೆ. ಉಗಾಂಡಾದಲ್ಲಿ ರಾಗಿಯ ಮಾಲ್ವಾವನ್ನು ಒಂದು ದೊಡ್ಡ ಮಡಕೆಯ ಸುತ್ತ ಕೂತು, ಉದ್ದನೆಯ ಕೊಳವೆಗಳಲ್ಲಿ ಹೀರುತ್ತಾ ಸಂಜೆ ಕಳೆಯುತ್ತಾರೆ. ಪೂರ್ವ ನೇಪಾಳ ಮತ್ತು ಸಿಕ್ಕಿಂನ ಲಿಂಬು ಜನರ ತೋಂಗ್ಬಾದಲ್ಲಿ ಹುದುಗಿಸಿದ ರಾಗಿಯನ್ನು ಕಾಳು ಸಮೇತ ಪಾತ್ರೆಗೆ ತುಂಬಿ, ಮೇಲೆ ಬಿಸಿನೀರು ಹೊಯ್ಯುತ್ತಾರೆ. ಹೀರಿ ಖಾಲಿಯಾದಂತೆ ಮತ್ತೆ ನೀರು ಹೊಯ್ಯುತ್ತಾರೆ, ಒಂದೊಂದು ಸುತ್ತಿಗೂ ರುಚಿ ಬೇರೆ. ಮೊದಲ ಗುಟುಕಿಗೆ ಅಂಕ ಕೊಟ್ಟು ಎದ್ದುಹೋದವನಿಗೆ ತೋಂಗ್ಬಾ ಸಿಕ್ಕಂತೆಯೇ ಅಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಆಫ್ರಿಕಾದ ಬಿಯರ್ ಕಾಳಿನ ವಂಶ ಹಳೆ ಮೈಸೂರಿನ ಮುದ್ದೆಯಲ್ಲಿ ಆಗಲೇ ಬೆರೆತುಹೋಗಿದೆ. ಅದಕ್ಕೆ ಬೇಕಾಗಿರುವುದು ಪೂರ್ತಿ ಲೋಟ ಮತ್ತು ಊಟದ ಹೊತ್ತು. ಮೇಳ ಕೊಡುವುದು ಟೋಕನ್.

ಊರಿನ ಧಾನ್ಯಕ್ಕೆ ಬೆಲೆ ಬರುತ್ತದೆ ಎಂಬ ವಾದವನ್ನು ಲೆಕ್ಕ ಹಾಕಿಯೇ ನೋಡಬೇಕು. ಸಾಧಾರಣ ಬಿಯರ್‌ನ ಒಂದು ಸಾವಿರ ಲೀಟರಿಗೆ ಸುಮಾರು 200 ಕಿಲೋ ಧಾನ್ಯ ಹಿಡಿಯುತ್ತದೆ. ಅದರಲ್ಲಿ ಐದನೇ ಒಂದು ಪಾಲು ರಾಗಿ ಎಂದು ಧಾರಾಳವಾಗಿ ಹಿಡಿದರೂ 40 ಕಿಲೋ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ಇಡೀ ಸಾವಿರ ಲೀಟರಿಗೆ ಸೇರಿದ ರಾಗಿಯ ಬೆಲೆ ಎರಡು ಸಾವಿರ ರೂಪಾಯಿ ಮುಟ್ಟುವುದಿಲ್ಲ. ಅಷ್ಟು ಬಿಯರ್ 60 ಎಂಎಲ್‌ನ 16,000ಕ್ಕೂ ಹೆಚ್ಚು ಸ್ಯಾಂಪಲ್ ಆಗುತ್ತದೆ. ಒಂದು ಸ್ಯಾಂಪಲಿಗೆ ರಾಗಿಯ ಪಾಲು 2.4 ಗ್ರಾಂ, ಅದರ ಬೆಲೆ ಸುಮಾರು 12 ಪೈಸೆ. ಮಳೆ ನಂಬಿದ ಹೊಲದಲ್ಲಿ 40 ಕಿಲೋ ರಾಗಿ ಎರಡು ಮೂರು ಗುಂಟೆಯ ಬೆಳೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಮಳಿಗೆಗಳ ಬೋರ್ಡಿನಲ್ಲಿ ರಾಗಿಯ ಚಿತ್ರ ಹೆಚ್ಚಾಗಿದ್ದರೂ ಆಶ್ಚರ್ಯವಿಲ್ಲ, ಚಿತ್ರಕ್ಕೆ 12 ಪೈಸೆಯೂ ಬೀಳುವುದಿಲ್ಲ.

ಉಳಿದ ಸಾಮಗ್ರಿಯ ಊರು ಇನ್ನೂ ದೂರ. ಮಾಲ್ಟ್ ಬಾರ್ಲಿ ರಾಜಸ್ಥಾನ, ಹರಿಯಾಣ ಕಡೆಯದು ಇಲ್ಲವೇ ಹಡಗಿನಲ್ಲಿ ಬಂದದ್ದು. ಹಿಮಾಚಲದ ಲಾಹೌಲ್‌ನಲ್ಲಿ ಬೆಳೆದ ಅಷ್ಟಿಷ್ಟು ಬಿಟ್ಟರೆ ಹಾಪ್ ಜರ್ಮನಿ, ಅಮೆರಿಕದ್ದು. ‘ನೆಲದ ರುಚಿ’ ಎಂಬ ಘೋಷಣೆಯ ಹಿಂದೆ ನೆಲದ್ದೆಂದು ಖಚಿತವಾಗಿ ಹೇಳಬಹುದಾದದ್ದು ನೀರು. ಈ ಸೀಮೆಯ ನಿಜವಾದ ನೆಲದ ಪಾನೀಯ ಈಚಲ ಹೆಂಡವಾಗಿತ್ತು. ಕರಾವಳಿಯ ಎರಡು ಜಿಲ್ಲೆಗಳನ್ನು ಬಿಟ್ಟು ಉಳಿದೆಡೆ 2004ರಲ್ಲಿ ಅದು ನಿಂತಿತು. 2007ರ ಜುಲೈನಲ್ಲಿ ಸಾರಾಯಿಯೂ ಹೋಯಿತು. ಆ ನಿಷೇಧಗಳ ಸರಿತಪ್ಪು ಬೇರೆ ಚರ್ಚೆ. ಹೆಂಡ ಇಳಿಸುವವರ ಕಸುಬು ಹೋದ ಜಿಲ್ಲೆಯಲ್ಲಿ ನೆಲದ ಪಾನೀಯದ ಹೆಸರಲ್ಲಿ ಟಿಕೆಟ್ ಮಾರುವವರಿಗೆ ಅಷ್ಟು ನೆನಪಾದರೂ ಇರಬೇಕು.

ಮಿತಿಯ ವಾದವೂ ಲೆಕ್ಕದ ಮುಂದೆ ನಿಲ್ಲುವುದಿಲ್ಲ. 60 ಎಂಎಲ್‌ನ 12 ಸ್ಯಾಂಪಲ್ ಸೇರಿದರೆ 720 ಎಂಎಲ್, ಅಂಗಡಿಯ 650 ಎಂಎಲ್ ಬಾಟಲಿಗಿಂತ ಹೆಚ್ಚು. ಆಹಾರ ಸುರಕ್ಷತಾ ನಿಯಮದ ಪ್ರಕಾರ ಶೇ 5ರವರೆಗಿನದು ಸಾಧಾರಣ ಬಿಯರ್, ಅದರಿಂದ ಶೇ 8ರವರೆಗೆ ಸ್ಟ್ರಾಂಗ್. ಮೇಳದಲ್ಲಿ ಗೆಲ್ಲಲು ಹೊರಟ ಬಿಯರ್‌ಗಳ ಸರಾಸರಿ ಶೇ 6.5 ಎಂದು ಹಿಡಿದರೆ 12 ಸ್ಯಾಂಪಲ್‌ಗಳಲ್ಲಿ ಸುಮಾರು 37 ಗ್ರಾಂ ಆಲ್ಕೊಹಾಲ್ ಇರುತ್ತದೆ. ಶೇ 5ರ ಒಂದು ದೊಡ್ಡ ಬಾಟಲಿಯಲ್ಲಿ 26 ಗ್ರಾಂ. ಬಾಟಲಿ ಮುಗಿಸಿದವರಿಗೆ ತಾವು ಬಾಟಲಿ ಮುಗಿಸಿದ್ದು ಗೊತ್ತಿರುತ್ತದೆ. ಪುಟ್ಟ ಲೋಟಗಳ ಲೆಕ್ಕವನ್ನು ನಾಲ್ಕನೆಯದರ ನಂತರ ಯಾರೂ ಇಡುವುದಿಲ್ಲ, ‘ರುಚಿ ನೋಡಿದ್ದಷ್ಟೇ’ ಎಂಬ ಮಾತು ಮಾತ್ರ ಉಳಿಯುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಎಂಎಲ್ ರಕ್ತದಲ್ಲಿ ಆಲ್ಕೊಹಾಲ್ 30 ಮಿಲಿಗ್ರಾಂ ಮೀರಿದರೆ ವಾಹನ ಓಡಿಸುವುದು ಅಪರಾಧ. 37 ಗ್ರಾಂ ಕುಡಿದ ಸಾಧಾರಣ ಮೈಕಟ್ಟಿನವರು ಮೂರು ಗಂಟೆ ಕಳೆದರೂ ಆ ಮಿತಿಯೊಳಗೆ ಬರುವ ಭರವಸೆಯಿಲ್ಲ. ಮೇಳ ಹಾರೋಹಳ್ಳಿ ಕಡೆ ನಡೆದರೆ ಮರಳುವ ದಾರಿಯನ್ನೂ ನೋಡಬೇಕು. ಕನಕಪುರ ರಸ್ತೆಯಲ್ಲಿ ಹಸಿರು ಮೆಟ್ರೋ ರೇಷ್ಮೆ ಸಂಸ್ಥೆಗೇ ನಿಲ್ಲುತ್ತದೆ. ಅಲ್ಲಿಂದ ಹಾರೋಹಳ್ಳಿಗೆ ಬಸ್ಸು, ಇಲ್ಲವೇ ಸ್ವಂತ ಗಾಡಿ. ಕೈಗಾರಿಕಾ ಪ್ರದೇಶದ ಲಾರಿಗಳು ರಾತ್ರಿಯೂ ಓಡುವ ದಾರಿ ಅದು.

ಸ್ಯಾಂಪಲ್ ಬಿಟ್ಟು ಮೇಳ ನಡೆಸಲು ಸಾಧ್ಯವಿಲ್ಲ ಎಂಬುದು ಕೊನೆಯ ಸಮರ್ಥನೆ. ಬ್ರಿಟನ್ನಿನ ಕಾಮ್ರಾ ಸಂಘಟನೆ 1977ರಲ್ಲಿ ಆರಂಭಿಸಿದ ಗ್ರೇಟ್ ಬ್ರಿಟಿಷ್ ಬಿಯರ್ ಫೆಸ್ಟಿವಲ್‌ನಲ್ಲಿ ಪೈಂಟ್, ಅರ್ಧ ಪೈಂಟ್, ಮೂರನೇ ಒಂದು ಪೈಂಟ್ ಅಳತೆಗಳಿದ್ದವು. ಎಲ್ಲಕ್ಕಿಂತ ಚಿಕ್ಕದೇ 190 ಎಂಎಲ್ ಹತ್ತಿರ, ಬಂದವರು ದುಡ್ಡು ಕೊಟ್ಟು ಅಳತೆ ಆರಿಸಿಕೊಳ್ಳುತ್ತಿದ್ದರು. ಇಲ್ಲಿನ ಮೇಳವೂ ಹನ್ನೆರಡು ಮಳಿಗೆಯ ಬದಲು ನಾಲ್ಕು ಇಟ್ಟು, ದೋಷ ನೋಡಲು ಒಂದು ಗುಟುಕು ಪುಕ್ಕಟೆ ಕೊಟ್ಟು, ಆಮೇಲೆ ಒಂದೋ ಎರಡೋ ಲೋಟವನ್ನು ಮುದ್ದೆ, ಸಾರಿನ ಜೊತೆ ಕೂತು ಕುಡಿಯಲು ಮಾರಬಹುದು. ಬೋರ್ಡಿನ ಮೇಲೆ ರಾಗಿಯ ಪಾಲು ಶೇಕಡಾ ಎಷ್ಟು, ಆಲ್ಕೊಹಾಲ್ ಎಷ್ಟು, ತಯಾರಾದ ದಿನ ಯಾವುದು ಎಂದು ಬರೆಯಲು ಮೂರು ಸಾಲು ಸಾಕು. ವೋಟಿನ ಪೆಟ್ಟಿಗೆಯ ಅಗತ್ಯವೂ ಇಲ್ಲ. ಯಾವ ಬಿಯರ್‌ನ ಎಷ್ಟು ಲೀಟರ್ ಖರ್ಚಾಯಿತು ಎಂಬ ಲೆಕ್ಕವನ್ನು ಬ್ರೂವರಿ ಅಬಕಾರಿ ಇಲಾಖೆಗಾಗಿ ಹೇಗೂ ಇಡಲೇಬೇಕು. ಅದೇ ಬಿಯರ್‌ನ ಎರಡನೇ ಲೋಟವನ್ನು ಕೇಳಿ ಪಡೆದವರು ಎಷ್ಟು ಎಂಬ ಒಂದು ಅಂಕಣವನ್ನು ಅದರ ಪಕ್ಕಕ್ಕೆ ಸೇರಿಸಿಕೊಂಡರಾಯಿತು.